ಪರವಾನಗಿ ಬೇಡದ ವಿದ್ಯೆ, ಪರದೆ ಕೊಟ್ಟ ಪದವಿ: ಶ್ವಾನ ಗುರು ಬಾರ್ಬರಾ ವುಡ್‌ಹೌಸ್

1980ನೇ ಇಸವಿ. ಬ್ರಿಟನ್ನಿನ ಬಿಬಿಸಿ ವಾಹಿನಿಯಲ್ಲಿ ಹತ್ತು ಕಂತುಗಳ ಹೊಸ ಕಾರ್ಯಕ್ರಮವೊಂದು ಆರಂಭವಾಯಿತು. ಚೌಕಳಿ ಲಂಗ ತೊಟ್ಟು, ಗಟ್ಟಿ ಬೂಟು ಮೆಟ್ಟಿದ ಹಿರಿಯ ಮಹಿಳೆಯೊಬ್ಬರು ಮೈದಾನದ ನಡುವೆ ನಿಂತಿದ್ದರು. ಎದುರಿಗೆ ಹತ್ತಾರು ಜಾತಿಯ ನಾಯಿಗಳು. ಅವುಗಳ ಚೈನ್ ಹಿಡಿದು ಬೆವರುತ್ತಿದ್ದ ಮಾಲೀಕರು. ಆಕೆ ಒಂದು ಪದ ಉಚ್ಚರಿಸಿದರೆ ನಾಯಿ ಕುಳಿತುಬಿಡುತ್ತಿತ್ತು. ಮಾಲೀಕರು ತಪ್ಪಿದರೆ ಬೈಗುಳ ಮಾತ್ರ ಮಾಲೀಕರಿಗೇ ಬೀಳುತ್ತಿತ್ತು.

ಆಕೆಯ ಹೆಸರು ಬಾರ್ಬರಾ ವುಡ್‌ಹೌಸ್. ಆಗ ಅವರು ಎಪ್ಪತ್ತರ ಹೊಸ್ತಿಲಲ್ಲಿದ್ದರು. ನಿವೃತ್ತಿಯ ವಯಸ್ಸಿನಲ್ಲಿ ಅವರಿಗೆ ದೇಶವ್ಯಾಪಿ ಖ್ಯಾತಿ ಒಲಿದು ಬಂತು. ನಾಯಿ ಸಾಕಿದವರಷ್ಟೇ ಅಲ್ಲದೆ ನಾಯಿಯನ್ನು ಕಂಡರೆ ದೂರ ಸರಿಯುವವರೂ ಕಾರ್ಯಕ್ರಮ ನೋಡಲು ಕುಳಿತರು.

ಆದರೆ ಈ ಖ್ಯಾತಿಯ ಹಿಂದೆ ಅಂದು ಹೆಚ್ಚು ಮಂದಿ ಕೇಳದ ಪ್ರಶ್ನೆಯೊಂದಿತ್ತು. ಈಕೆಗೆ ನಾಯಿ ಪಳಗಿಸುವ ಅಧಿಕಾರವನ್ನು ಕೊಟ್ಟವರು ಯಾರು? ಉತ್ತರ ಸರಳ: ಯಾರೂ ಇಲ್ಲ. ಅಂತಹ ಅಧಿಕಾರ ಕೊಡುವ ಸಂಸ್ಥೆಯಾಗಲಿ, ಅದನ್ನು ಕೇಳುವ ಕಾನೂನಾಗಲಿ ಅಂದಿನ ಬ್ರಿಟನ್ನಿನಲ್ಲಿ ಇರಲಿಲ್ಲ.

ಶಾಲೆಯ ಅಂಗಳದಿಂದ ಕುದುರೆ ಲಾಯಕ್ಕೆ

ಬಾರ್ಬರಾ ಹುಟ್ಟಿದ್ದು 1910ರ ಮೇ 9ರಂದು, ಐರ್ಲೆಂಡಿನ ಡಬ್ಲಿನ್ ನಗರದ ಸಮೀಪದ ರಾತ್‌ಫಾರ್ನಮ್‌ನಲ್ಲಿ. ತವರಿನ ಹೆಸರು ಬ್ಲ್ಯಾಕ್‌ಬರ್ನ್. ತಂದೆ ಪಾದ್ರಿ; ಅಲ್ಲಿನ ಸೇಂಟ್ ಕೊಲಂಬಾ ಕಾಲೇಜು ಎಂಬ ಶಾಲೆಯ ಮುಖ್ಯಸ್ಥರು. ಮಗಳು ಇನ್ನೂ ಚಿಕ್ಕವಳಿದ್ದಾಗಲೇ ಅವರು ತೀರಿಕೊಂಡರು. ತಾಯಿ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಬಂದರು. ಮುಂದೆ ಆಕ್ಸ್‌ಫರ್ಡ್ ಬಳಿಯ ಹೆಡಿಂಗ್ಟನ್ ಅವರ ನೆಲೆಯಾಯಿತು.

ಬಾಲಕಿಗೆ ಪುಸ್ತಕಗಳಿಗಿಂತ ಪ್ರಾಣಿಗಳ ಸಹವಾಸವೇ ಹಿತವಾಗಿತ್ತು. ಕೃಷಿ ಶಿಕ್ಷಣಕ್ಕೆ ಹೆಣ್ಣುಮಕ್ಕಳು ಹೋಗುವುದು ತೀರಾ ಅಪರೂಪವಾಗಿದ್ದ ಆ ಕಾಲದಲ್ಲಿ ಅವರು ಹಾರ್ಪರ್ ಆಡಮ್ಸ್ ಕೃಷಿ ಕಾಲೇಜು ಸೇರಿದರು. ಅಲ್ಲಿ ಕಲಿತದ್ದು ಬೇಸಾಯ ಮತ್ತು ಜಾನುವಾರು ಸಾಕಣೆ. ನಾಯಿಗೆ ಪಾಠ ಹೇಳುವ ವಿದ್ಯೆಯನ್ನು ಕಲಿಸುವ ಕಾಲೇಜು ಆಗ ಯಾವುದೂ ಇರಲಿಲ್ಲ.

1930ರ ದಶಕದ ಮಧ್ಯಭಾಗದಲ್ಲಿ ಯುವತಿ ಬಾರ್ಬರಾ ಹಡಗು ಹತ್ತಿ ದಕ್ಷಿಣ ಅಮೆರಿಕದ ಅರ್ಜೆಂಟೀನಾಕ್ಕೆ ಹೊರಟರು. ಸಾವಿರಾರು ಎಕರೆ ವಿಸ್ತೀರ್ಣದ ದನದ ಫಾರಂಗಳಲ್ಲಿ ಕುದುರೆ ಪಳಗಿಸುವುದು ಅಲ್ಲಿ ಅವರ ಕೆಲಸವಾಯಿತು. ಕಾಡು ಕುದುರೆಯನ್ನು ಕಟ್ಟಿಹಾಕಿ, ಬಡಿದು, ಬಳಲಿಸಿ ಬಗ್ಗಿಸುವುದು ಆ ಸೀಮೆಯ ರೂಢಿ. ಅದು ಅವರಿಗೆ ಒಗ್ಗಲಿಲ್ಲ.

ಸ್ಥಳೀಯ ಮೂಲನಿವಾಸಿಯೊಬ್ಬರು ಹೇಳಿಕೊಟ್ಟರೆಂದು ಅವರು ಬರೆದುಕೊಂಡ ಉಪಾಯ ಬೇರೆಯೇ ಆಗಿತ್ತು. ಕುದುರೆಯ ಮುಂದೆ ಕೈಗಳನ್ನು ಹಿಂದಕ್ಕೆ ಕಟ್ಟಿ ನಿಲ್ಲುವುದು. ಮೂಗಿನ ಹೊಳ್ಳೆಗಳತ್ತ ಮೆಲ್ಲನೆ ಉಸಿರು ಬಿಡುವುದು. ಕುದುರೆ ತಾನಾಗಿ ಹತ್ತಿರ ಬರುವವರೆಗೆ ಕಾಯುವುದು. ಕುದುರೆಗಳು ಪರಸ್ಪರ ಪರಿಚಯ ಮಾಡಿಕೊಳ್ಳುವುದು ಹೀಗೆಯೇ ಎಂಬುದು ಅವರ ನಂಬಿಕೆಯಾಯಿತು. 1954ರಲ್ಲಿ ಪ್ರಕಟವಾದ ‘ಟಾಕಿಂಗ್ ಟು ಅನಿಮಲ್ಸ್’ ಪುಸ್ತಕದಲ್ಲಿ ಅವರು ಈ ಅನುಭವಗಳನ್ನು ದಾಖಲಿಸಿದ್ದಾರೆ.

ಒಂದೇ ಮನೆ, ಎರಡು ವೃತ್ತಿ

ಇಂಗ್ಲೆಂಡಿಗೆ ಮರಳಿದ ಬಾರ್ಬರಾ 1940ರಲ್ಲಿ ಡಾ. ಮೈಕೆಲ್ ವುಡ್‌ಹೌಸ್ ಅವರನ್ನು ವಿವಾಹವಾದರು. ಮೂವರು ಮಕ್ಕಳಾದರು. ಹಸು, ಕುದುರೆ, ನಾಯಿಗಳ ನಡುವೆ ಸಂಸಾರ ಸಾಗಿತು. ಮುಂದೆ ಹರ್ಟ್‌ಫರ್ಡ್‌ಶೈರ್ ಪ್ರಾಂತ್ಯದ ಕ್ರಾಕ್ಸ್‌ಲಿ ಗ್ರೀನ್ ಎಂಬ ಊರಿನಲ್ಲಿ ನೆಲೆ ನಿಂತರು. ಕರುವಿನಷ್ಟು ಎತ್ತರ ಬೆಳೆಯುವ ಗ್ರೇಟ್ ಡೇನ್ ತಳಿಯ ನಾಯಿಗಳು ಅವರ ಮನೆಯ ಸದಸ್ಯರಂತಿದ್ದವು. ಅವುಗಳನ್ನು ಅವರು ಚಲನಚಿತ್ರಗಳಿಗೂ ತಯಾರು ಮಾಡಿದರು.

1950ರ ದಶಕದಿಂದ ಅವರು ನಾಯಿ ತರಬೇತಿಯ ತರಗತಿಗಳನ್ನು ನಡೆಸತೊಡಗಿದರು. ಈ ಘಟ್ಟದಲ್ಲಿ ಆ ಮನೆಯೊಳಗಿನ ಒಂದು ವೈರುಧ್ಯ ಗಮನಾರ್ಹ. ಪತಿ ವೈದ್ಯರು. 1858ರ ಕಾಯ್ದೆಯಿಂದ ಜಾರಿಗೆ ಬಂದ ವೈದ್ಯಕೀಯ ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದೆ ಅವರು ನೋಂದಾಯಿತ ವೈದ್ಯರೆಂದು ಹೇಳಿಕೊಳ್ಳುವಂತಿರಲಿಲ್ಲ. ತಪ್ಪೆಸಗಿದರೆ ಆ ಪುಸ್ತಕದಿಂದ ಹೆಸರು ಅಳಿಸಿಹೋಗುವ ಭಯವೂ ಇತ್ತು. ಪತ್ನಿಯ ವೃತ್ತಿಗೆ ಅಂತಹ ಪುಸ್ತಕವೇ ಇರಲಿಲ್ಲ. ಅಳಿಸಲು ಹೆಸರೂ ಇಲ್ಲ, ಬರೆಯಲು ಹಾಳೆಯೂ ಇಲ್ಲ.

ಬ್ರಿಟಿಷ್ ಕಾನೂನು ಪ್ರಾಣಿಗಳನ್ನು ಮರೆತಿತ್ತೆಂದಲ್ಲ. 1925ರ ಕಾಯ್ದೆಯ ಪ್ರಕಾರ, ಸರ್ಕಸ್ಸು ಅಥವಾ ರಂಗಪ್ರದರ್ಶನಕ್ಕೆಂದು ಪ್ರಾಣಿಗಳನ್ನು ಪಳಗಿಸುವವರು ಸ್ಥಳೀಯ ಆಡಳಿತದಲ್ಲಿ ನೋಂದಾಯಿಸಿಕೊಳ್ಳಬೇಕಿತ್ತು. 1948ರ ಮತ್ತೊಂದು ಕಾಯ್ದೆ ಪಶುವೈದ್ಯ ವೃತ್ತಿಗೆ ನೋಂದಣಿಯ ಬೇಲಿ ಹಾಕಿತು. ಆದರೆ ಮನೆಯಲ್ಲಿ ಸಾಕಿದ ನಾಯಿಗೆ ಪಾಠ ಹೇಳುವವರು ಈ ಎರಡೂ ಬೇಲಿಗಳ ಆಚೆ ಉಳಿದರು. ನಾಯಿಗೆ ಚುಚ್ಚುಮದ್ದು ಕೊಡಲು ಅರ್ಹತೆ ಬೇಕು. ಅದರ ಕೊರಳಿಗೆ ಚೈನ್ ಬಿಗಿದು ಜಗ್ಗಲು ಯಾವ ಅರ್ಹತೆಯೂ ಬೇಡ ಎಂಬಂತಾಯಿತು.

ವುಡ್‌ಹೌಸ್ ಅವರ ಬಳಿ ಇದ್ದ ಬಂಡವಾಳ ಅನುಭವ ಒಂದೇ. ತಾವು ಪಳಗಿಸಿದ ನಾಯಿಗಳ ಸಂಖ್ಯೆ 17 ಸಾವಿರ ದಾಟಿದೆ ಎಂದು ಅವರೇ ಲೆಕ್ಕ ಹೇಳುತ್ತಿದ್ದರು. ಆ ಲೆಕ್ಕವನ್ನು ಪರಿಶೀಲಿಸುವ ಹೊರಗಿನ ವ್ಯವಸ್ಥೆಯೂ ಇರಲಿಲ್ಲ. ಜನ ಅದನ್ನು ನಂಬಿದರು. ನಂಬುವುದರ ಹೊರತು ಅವರಿಗೆ ಬೇರೆ ದಾರಿಯೂ ಇರಲಿಲ್ಲ.

ಪಾಠ ನಾಯಿಗೋ, ಮಾಲೀಕರಿಗೋ

ನಾಯಿಯ ಬಾಲ ಎಂದಿಗೂ ಡೊಂಕು ಎಂಬುದು ಕನ್ನಡದ ಗಾದೆ. ವುಡ್‌ಹೌಸ್ ಅವರ ಸಿದ್ಧಾಂತ ಇದಕ್ಕೆ ತದ್ವಿರುದ್ಧ. ಅವರ ಅತ್ಯಂತ ಪ್ರಸಿದ್ಧ ಪುಸ್ತಕದ ಹೆಸರು ‘ನೋ ಬ್ಯಾಡ್ ಡಾಗ್ಸ್’. ಕೆಟ್ಟ ನಾಯಿ ಎಂಬುದೇ ಇಲ್ಲ, ಅನುಭವವಿಲ್ಲದ ಮಾಲೀಕರಿದ್ದಾರೆ ಎಂಬುದು ಅದರ ತಿರುಳು.

ತರಗತಿಗೆ ಬಂದವರಲ್ಲಿ ಹಲವರು ಸೋತು ಬಂದವರು. ಕಚ್ಚುವ ನಾಯಿ, ಬೀದಿಯಲ್ಲಿ ಎಳೆದೊಯ್ಯುವ ನಾಯಿ, ಮಕ್ಕಳ ಮೇಲೆ ಎಗರುವ ನಾಯಿ. ಪರಿಹಾರ ಸಿಗದಿದ್ದರೆ ಅನೇಕ ಮನೆಗಳಲ್ಲಿ ಉಳಿದಿದ್ದ ಕೊನೆಯ ದಾರಿ ಪಶುವೈದ್ಯರ ಬಳಿ ಕೊಂಡೊಯ್ದು ಅದರ ಜೀವವನ್ನು ಮುಗಿಸುವುದು. ಹೀಗಾಗಿ ತರಬೇತುದಾರರ ಆಯ್ಕೆ ಕೇವಲ ಶಿಸ್ತಿನ ವಿಚಾರವಾಗಿರಲಿಲ್ಲ. ಎಷ್ಟೋ ನಾಯಿಗಳ ಪಾಲಿಗೆ ಅದು ಬದುಕು ಸಾವಿನ ಪ್ರಶ್ನೆಯೇ ಆಗಿತ್ತು.

ವುಡ್‌ಹೌಸ್ ಅವರ ವಿಧಾನದಲ್ಲಿ ಎರಡು ಎಳೆಗಳಿದ್ದವು. ಮೊದಲನೆಯದು ಧ್ವನಿ. ಒಂದೊಂದು ಆಜ್ಞೆಗೂ ಒಂದೊಂದು ಸ್ವರ; ಕುಳಿತುಕೊಳ್ಳುವ ಆಜ್ಞೆಯ ಕೊನೆಯ ಅಕ್ಷರವನ್ನು ಟಕ್ಕೆಂದು ಒತ್ತಿ ಹೇಳುವ ರೀತಿ; ನಾಯಿ ಸರಿಯಾಗಿ ಮಾಡಿದ ಮರುಕ್ಷಣವೇ ಉಕ್ಕಿಬರುವ ಹೊಗಳಿಕೆ, ಎದೆ ಸವರುವ ಪ್ರೀತಿ. ಆಜ್ಞೆ ಸ್ಪಷ್ಟವಾಗಿರಬೇಕು, ಮೆಚ್ಚುಗೆ ಸಕಾಲದಲ್ಲಿ ಸಿಗಬೇಕು, ಮನೆಯವರೆಲ್ಲರೂ ಒಂದೇ ಪದ ಬಳಸಬೇಕು. ಈ ಮಾತುಗಳನ್ನು ಇಂದಿನ ತಜ್ಞರೂ ಒಪ್ಪುತ್ತಾರೆ.

ಎರಡನೆಯದು ಚೋಕ್ ಚೈನ್. ಎರಡೂ ತುದಿಗೆ ಬಳೆಗಳಿರುವ ಲೋಹದ ಸರಪಳಿ ಇದು. ಒಂದು ಬಳೆಯೊಳಗೆ ಸರಪಳಿಯನ್ನು ತೂರಿಸಿದರೆ ಕುಣಿಕೆಯಾಗುತ್ತದೆ. ಜಗ್ಗಿದಾಗ ಕೊರಳ ಸುತ್ತ ಬಿಗಿಯುತ್ತದೆ, ಬಿಟ್ಟಾಗ ಸಡಿಲುತ್ತದೆ. ತಕ್ಷಣ ಜಗ್ಗಿ ತಕ್ಷಣ ಬಿಟ್ಟರೆ ನಾಯಿಗೆ ಎಚ್ಚರಿಕೆ ಮಾತ್ರ ಎಂಬುದು ಅವರ ವಾದ. ಕೊಂಡಿಗಳು ದೊಡ್ಡದಾಗಿರುವ ಚೈನನ್ನೇ ಬಳಸಬೇಕೆಂದು ಅವರು ಒತ್ತಿ ಹೇಳುತ್ತಿದ್ದರು.

ಇವೆರಡರ ಜೊತೆಗೆ ಮೂರನೆಯ ನಂಬಿಕೆಯೊಂದಿತ್ತು. ಮನುಷ್ಯನ ಮನಸ್ಸಿನ ಭಾವ ಮಾತಿಲ್ಲದೆಯೇ ನಾಯಿಯ ಮನಸ್ಸನ್ನು ತಲುಪುತ್ತದೆ, ಇದು ಒಂದು ಬಗೆಯ ಟೆಲಿಪತಿ ಎಂದು ಅವರು ಪ್ರತಿಪಾದಿಸುತ್ತಿದ್ದರು. ಇದಕ್ಕೆ ವಿಜ್ಞಾನದ ಆಧಾರ ಇರಲಿಲ್ಲ. ಕೇಳಿದವರಿಗೆ ಮಾತ್ರ ಮೋಡಿ ಹಾಕುವಂತಿತ್ತು.

ಪರದೆಯೇ ಪ್ರಮಾಣಪತ್ರ

ಬಿಬಿಸಿ ಕಾರ್ಯಕ್ರಮದ ಹೆಸರು ‘ಟ್ರೈನಿಂಗ್ ಡಾಗ್ಸ್ ದಿ ವುಡ್‌ಹೌಸ್ ವೇ’. ಅದು ಅವರನ್ನು ರಾತ್ರೋರಾತ್ರಿ ತಾರೆಯನ್ನಾಗಿಸಿತು. ನಾಯಿಯನ್ನು ವಾಯುವಿಹಾರಕ್ಕೆ ಕರೆಯಲು ಅವರು ರಾಗವಾಗಿ ಹೇಳುತ್ತಿದ್ದ ವಾಕೀಸ್ ಎಂಬ ಪದ ಮನೆಮನೆಯ ಮಾತಾಯಿತು. ಮಿಮಿಕ್ರಿ ಕಲಾವಿದರಿಗೆ ಹೊಸ ಪಾತ್ರವೊಂದು ಸಿಕ್ಕಿತು. ಕಾರ್ಯಕ್ರಮ ಅಮೆರಿಕದಲ್ಲೂ ಪ್ರಸಾರವಾಯಿತು. ಪುಸ್ತಕ ಅಲ್ಲಿಯೂ ಭರ್ಜರಿಯಾಗಿ ಮಾರಾಟವಾಯಿತು.

ಖ್ಯಾತಿ ಎಷ್ಟಿತ್ತೆಂಬುದಕ್ಕೆ 1983ರ ಜೇಮ್ಸ್ ಬಾಂಡ್ ಚಿತ್ರ ‘ಆಕ್ಟೋಪಸಿ’ ಸಾಕ್ಷಿ. ಭಾರತದ ಉದಯಪುರದ ಹಿನ್ನೆಲೆಯಲ್ಲಿ ಸಾಗುವ ಆ ಚಿತ್ರದಲ್ಲಿ ಕಾಡಿನ ನಡುವೆ ಬಾಂಡ್‌ಗೆ ಹುಲಿ ಎದುರಾಗುತ್ತದೆ. ಬಾಂಡ್ ಪಾತ್ರಧಾರಿ ರೋಜರ್ ಮೂರ್ ಅದಕ್ಕೆ ವುಡ್‌ಹೌಸ್ ಶೈಲಿಯಲ್ಲೇ ಕುಳಿತುಕೊಳ್ಳಲು ಆಜ್ಞಾಪಿಸುತ್ತಾರೆ. ಹುಲಿ ಕುಳಿತುಬಿಡುತ್ತದೆ! ಬ್ರಿಟಿಷ್ ಪ್ರೇಕ್ಷಕರಿಗೆ ವಿವರಣೆ ಬೇಕಾಗಿರಲಿಲ್ಲ.

ನೋಂದಣಿ ಪುಸ್ತಕ ಇಲ್ಲದ ವೃತ್ತಿಯಲ್ಲಿ ಟಿವಿ ಪರದೆಯೇ ಪ್ರಮಾಣಪತ್ರವಾಯಿತು. ಪರದೆಯ ಮೇಲೆ ಐದು ನಿಮಿಷದಲ್ಲಿ ಬದಲಾದ ನಾಯಿ ಐದು ತಿಂಗಳ ನಂತರ ಮನೆಯಲ್ಲಿ ಹೇಗಿತ್ತು ಎಂಬುದು ನೋಡುಗರಿಗೆ ಕಾಣುತ್ತಿರಲಿಲ್ಲ. ಹೆದರಿ ಸುಮ್ಮನಾದ ನಾಯಿಗೂ ಕಲಿತು ಸುಮ್ಮನಾದ ನಾಯಿಗೂ ಇರುವ ವ್ಯತ್ಯಾಸ ಸಾಮಾನ್ಯರ ಕಣ್ಣಿಗೆ ಬೀಳುವಂತಹದ್ದಲ್ಲ. ಬಾಲ ಮುದುರಿದೆಯೇ, ಕಿವಿ ಹಿಂದಕ್ಕೆ ಸರಿದಿದೆಯೇ, ನಾಯಿ ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುತ್ತಿದೆಯೇ ಎಂದು ನೋಡಲು ಬಲ್ಲವರಿಗಷ್ಟೇ ಅದು ತಿಳಿಯುತ್ತದೆ.

ಮತ್ತೊಂದು ಅಪಾಯವೂ ಇತ್ತು. ದಶಕಗಳ ಅನುಭವವಿದ್ದ ವುಡ್‌ಹೌಸ್ ಅವರ ಕೈಯಲ್ಲಿ ಚೈನಿನ ಜಗ್ಗು ಕ್ಷಣಮಾತ್ರದ್ದು. ಅದೇ ಚೈನನ್ನು ಅಂಗಡಿಯಿಂದ ಕೊಂಡು ತಂದ ನೋಡುಗನ ಕೈಯಲ್ಲಿ ಅದು ಎಷ್ಟು ಬಲವಾಗಿ, ಎಷ್ಟು ಹೊತ್ತು ಬಿಗಿಯುತ್ತಿತ್ತು ಎಂಬುದಕ್ಕೆ ಲೆಕ್ಕವಿಲ್ಲ. ಕೌಶಲ ಪರದೆಯಲ್ಲೇ ಉಳಿಯಿತು, ಉಪಕರಣ ಮಾತ್ರ ಮನೆಗೆ ಬಂತು.

ಮತ್ತೊಂದು ದಾರಿ

ವುಡ್‌ಹೌಸ್ ಪ್ರಸಿದ್ಧಿಗೆ ಬರುವ ಎಷ್ಟೋ ಮೊದಲೇ ಬೇರೊಂದು ಮಾರ್ಗ ತೆರೆದುಕೊಂಡಿತ್ತು. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1951ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಪ್ರಾಣಿಗಳಿಗೆ ಕಲಿಸುವ ಬಗೆಯನ್ನು ಕುರಿತು ಲೇಖನ ಬರೆದರು. ಪ್ರಾಣಿ ಬೇಕಾದ ವರ್ತನೆ ತೋರಿದ ಕ್ಷಣದಲ್ಲೇ ಆಟಿಕೆಯಂತಹ ಸಾಧನದಿಂದ ಕ್ಲಿಕ್ ಎಂದು ಸದ್ದು ಮಾಡಿ, ಬೆನ್ನಲ್ಲೇ ತಿನಿಸು ಕೊಡುವುದು ಅದರ ಸಾರ. ಹೊಡೆತವಿಲ್ಲ, ಜಗ್ಗಾಟವಿಲ್ಲ.

ಆದರೆ ಪ್ರಯೋಗಾಲಯದ ಈ ತಿಳಿವಳಿಕೆ ನಾಯಿ ಸಾಕುವವರ ಮನೆ ತಲುಪಲು ದಶಕಗಳೇ ಬೇಕಾದವು. ಬ್ರಿಟನ್ ಮೂಲದ ಪಶುವೈದ್ಯ ಇಯಾನ್ ಡನ್‌ಬಾರ್ 1980ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನಾಯಿಗಳಿಗಾಗಿ ತಿನಿಸು ಮತ್ತು ಆಟ ಆಧರಿಸಿದ ತರಗತಿಗಳನ್ನು ತೆರೆದರು. ಡಾಲ್ಫಿನ್ ತರಬೇತುದಾರ್ತಿಯಾಗಿದ್ದ ಕರೆನ್ ಪ್ರಯರ್ ಅವರ ‘ಡೋಂಟ್ ಶೂಟ್ ದಿ ಡಾಗ್’ 1984ರಲ್ಲಿ ಪ್ರಕಟವಾಗಿ, ಇದೇ ತತ್ವವನ್ನು ಜನಸಾಮಾನ್ಯರಿಗೆ ಪರಿಚಯಿಸಿತು.

ಅಂದರೆ ವುಡ್‌ಹೌಸ್ ಅವರ ಖ್ಯಾತಿಯ ಉತ್ತುಂಗದಲ್ಲೇ ಅವರ ಪದ್ಧತಿಯ ಅರ್ಧಭಾಗ ಪ್ರಶ್ನೆಗೆ ಒಳಗಾಗತೊಡಗಿತ್ತು. ಚೋಕ್ ಚೈನ್ ವಿಷಯದಲ್ಲಿ ಪಶುವೈದ್ಯರೂ ನಾಯಿಗಳ ವರ್ತನೆಯ ಅಧ್ಯಯನಕಾರರೂ ಅವರನ್ನು ಟೀಕಿಸಿದರು. ತಮ್ಮ ದಾರಿಯ ಬಗ್ಗೆ ಅವರಿಗಿದ್ದ ವಿಶ್ವಾಸ ಮಾತ್ರ ಕದಲಲಿಲ್ಲ.

ಇಲ್ಲೊಂದು ವಿಪರ್ಯಾಸವಿದೆ. ಬಡಿದು ಬಗ್ಗಿಸುವ ರೂಢಿಯನ್ನು ಅರ್ಜೆಂಟೀನಾದಲ್ಲಿ ಧಿಕ್ಕರಿಸಿದ್ದ ಯುವತಿಯೇ ಮುಂದೆ ಕೊರಳ ಚೈನಿನ ಹಿರಿಯ ಪ್ರತಿಪಾದಕಿಯಾದರು. ಬೇರೆ ವೃತ್ತಿಗಳಲ್ಲಾದರೆ ಸಹೋದ್ಯೋಗಿಗಳ ವಿಮರ್ಶೆ, ಪರೀಕ್ಷೆ, ಮರುತರಬೇತಿ ಇಂತಹ ಹಟವನ್ನು ತಿದ್ದುವ ಸಾಧ್ಯತೆಯಿರುತ್ತದೆ. ಒಂಟಿಯಾಗಿ ಬೆಳೆದ ವೃತ್ತಿಯಲ್ಲಿ ತಿದ್ದುವವರೂ ಇರಲಿಲ್ಲ, ತಿದ್ದಿಕೊಳ್ಳಲೇಬೇಕೆಂಬ ಒತ್ತಡವೂ ಇರಲಿಲ್ಲ.

ಅಗಲಿಕೆಯ ನಂತರ

ಬಾರ್ಬರಾ ವುಡ್‌ಹೌಸ್ 1988ರ ಜುಲೈ 9ರಂದು ನಿಧನರಾದರು. ಅವರಿಗೆ 78 ವರ್ಷ ವಯಸ್ಸಾಗಿತ್ತು. ನಾಯಿ ತರಬೇತಿ ಎಂಬುದೊಂದು ವಿದ್ಯೆ, ಅದನ್ನು ಮಾಲೀಕರು ಕಲಿಯಬೇಕು ಎಂಬ ಅರಿವನ್ನು ಸಾಮಾನ್ಯ ಜನರ ಮನೆಯೊಳಗೆ ತಂದ ಕೀರ್ತಿ ಅವರದು. ಅದನ್ನು ಅವರ ಟೀಕಾಕಾರರೂ ಅಲ್ಲಗಳೆಯುವಂತಿಲ್ಲ.

ಅವರು ಹೋದ ಮೇಲೆ ವೃತ್ತಿಯೊಳಗೆ ಸ್ವಯಂ ಶಿಸ್ತಿನ ಪ್ರಯತ್ನಗಳು ಆರಂಭವಾದವು. 1995ರಲ್ಲಿ ಬ್ರಿಟನ್ನಿನ ತರಬೇತುದಾರ ಜಾನ್ ಫಿಶರ್ ಸಾಕುನಾಯಿ ತರಬೇತುದಾರರ ಸಂಘವನ್ನು ಕಟ್ಟಿದರು. ಹಿಂಸೆಯಿಲ್ಲದ ವಿಧಾನಗಳಿಗೆ ಬದ್ಧರಾಗುವುದು ಸದಸ್ಯತ್ವದ ನಿಬಂಧನೆಯಾಯಿತು. ಮುಂದೆ ಅನಿಮಲ್ ಬಿಹೇವಿಯರ್ ಅಂಡ್ ಟ್ರೈನಿಂಗ್ ಕೌನ್ಸಿಲ್ ಎಂಬ ಮಂಡಳಿ ರೂಪುಗೊಂಡು, ಅರ್ಹತೆ ಪರಿಶೀಲಿಸಿದ ತರಬೇತುದಾರರ ಪಟ್ಟಿಯನ್ನು ಇಡತೊಡಗಿತು. ಆದರೆ ಇವೆಲ್ಲ ಸ್ವಯಂಪ್ರೇರಿತ. ಪಟ್ಟಿಯ ಹೊರಗಿರುವವರು ಫಲಕ ತೂಗುಹಾಕಿ ಶುಲ್ಕ ಪಡೆಯಲು ಕಾನೂನಿನ ತಡೆ ಇಲ್ಲ.

ವೇಲ್ಸ್ 2010ರಲ್ಲಿ ವಿದ್ಯುತ್ ಆಘಾತ ನೀಡುವ ಕೊರಳಪಟ್ಟಿಗಳನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿ 2018ರಲ್ಲಿ ಜಾರಿಗೆ ಬಂದ ನಿಯಮಗಳು ನಾಯಿ ತಳಿ ಬೆಳೆಸುವವರಿಗೆ, ಸಾಕುಪ್ರಾಣಿ ಮಾರುವವರಿಗೆ, ಮಾಲೀಕರು ಊರಿಗೆ ಹೋದಾಗ ನಾಯಿ ನೋಡಿಕೊಳ್ಳುವ ಕೇಂದ್ರಗಳಿಗೆ ಪರವಾನಗಿ ಕಡ್ಡಾಯ ಮಾಡಿದವು. ಆ ಪಟ್ಟಿಯಲ್ಲೂ ಸಾಕುನಾಯಿ ತರಬೇತಿ ಸೇರಲಿಲ್ಲ. ವುಡ್‌ಹೌಸ್ ಕಾಲದ ಖಾಲಿ ಹಾಳೆ ಖಾಲಿಯಾಗಿಯೇ ಉಳಿದಿದೆ.

ಈ ನಡುವೆ ಪುರಾವೆಗಳು ಬೆಳೆದಿವೆ. ನಾಯಿ ಕೊರಳಪಟ್ಟಿಯನ್ನು ಎಳೆದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಎದೆಪಟ್ಟಿ ಹಾಕಿದಾಗ ಹಾಗಾಗುವುದಿಲ್ಲ ಎಂದು 2006ರ ಪಶುವೈದ್ಯಕೀಯ ಅಧ್ಯಯನವೊಂದು ತೋರಿಸಿತು. ಪೋರ್ಚುಗಲ್‌ನ ಸಂಶೋಧಕರು 92 ಸಾಕುನಾಯಿಗಳನ್ನು ಪರೀಕ್ಷಿಸಿ 2020ರಲ್ಲಿ ವರದಿ ಪ್ರಕಟಿಸಿದರು. ದಂಡನೆ ಬಳಸುವ ತರಗತಿಗಳ ನಾಯಿಗಳಲ್ಲಿ ತರಬೇತಿಯ ವೇಳೆ ಆತಂಕದ ಲಕ್ಷಣಗಳು ಹೆಚ್ಚಾಗಿದ್ದವು. ತರಬೇತಿಯ ನಂತರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನಿನ ಪ್ರಮಾಣವೂ ಹೆಚ್ಚು ಏರಿತ್ತು. ಬಹುಮಾನದಿಂದ ಕಲಿಸುವ ತರಗತಿಗಳ ನಾಯಿಗಳು ಅವುಗಳಿಗಿಂತ ನಿರಾಳವಾಗಿದ್ದವು.

ಬದುಕು ಹೇಳುವ ಪಾಠ

ಕಾನೂನು ಮೌನವಾಗಿರುವಲ್ಲಿ ಪರೀಕ್ಷಕನ ಹೊಣೆ ಮಾಲೀಕನ ಹೆಗಲಿಗೇ ಬೀಳುತ್ತದೆ. ಅಂತಹ ಮಾಲೀಕನಿಗೆ ವುಡ್‌ಹೌಸ್ ಅವರ ಬದುಕು ಎರಡು ಬಗೆಯ ಪಾಠ ಹೇಳುತ್ತದೆ.

ಒಂದು, ಅವರಿಂದ ಕಲಿಯಬೇಕಾದದ್ದು. ಉತ್ತಮ ತರಬೇತುದಾರರು ನಾಯಿಯನ್ನು ಒಯ್ದು ಪಳಗಿಸಿ ತಂದುಕೊಡುವುದಕ್ಕಿಂತ ಮಾಲೀಕರಿಗೆ ಕಲಿಸುವುದರತ್ತ ಹೆಚ್ಚು ಗಮನ ಕೊಡುತ್ತಾರೆ. ನಾಯಿಯನ್ನು ದೂಷಿಸುವ ಬದಲು ಮನೆಯ ಅಭ್ಯಾಸಗಳನ್ನು ವಿಚಾರಿಸುತ್ತಾರೆ. ಈ ಅಳತೆಗೋಲಿನಲ್ಲಿ ವುಡ್‌ಹೌಸ್ ಇಂದಿಗೂ ಎತ್ತರದಲ್ಲಿ ನಿಲ್ಲುತ್ತಾರೆ.

ಇನ್ನೊಂದು, ಅವರ ಕಾಲದ ನೋಡುಗರು ಕೇಳದೆ ಬಿಟ್ಟದ್ದು. ನಾಯಿ ತಪ್ಪು ಮಾಡಿದಾಗ ಈ ತರಬೇತುದಾರರು ಏನು ಮಾಡುತ್ತಾರೆ? ಸರಿ ಮಾಡಿದಾಗ ಏನು ಕೊಡುತ್ತಾರೆ? ವಿದ್ಯೆಯನ್ನು ಎಲ್ಲಿ, ಯಾರ ಬಳಿ ಕಲಿತರು? ಹೊಸದೇನನ್ನು ಕಲಿಯುತ್ತಿದ್ದಾರೆ? ನಾಯಿ ಕಚ್ಚಲು ನೋವು ಅಥವಾ ಕಾಯಿಲೆ ಕಾರಣವಿರಬಹುದೆಂದು ಮೊದಲು ಪಶುವೈದ್ಯರ ಬಳಿ ಕಳುಹಿಸುತ್ತಾರೆಯೇ? ನಾಯಿಯನ್ನು ಸೇರಿಸುವ ಮುನ್ನ ಒಂದು ತರಗತಿಯನ್ನು ಸುಮ್ಮನೆ ಕುಳಿತು ನೋಡಲು ಬಿಡುತ್ತಾರೆಯೇ?

ಇಷ್ಟು ದಿನದಲ್ಲಿ ಗ್ಯಾರಂಟಿ ಎಂಬ ಮಾತು ಕೇಳಿದಾಗ ಎಚ್ಚರ ವಹಿಸುವುದು ಕ್ಷೇಮ. ಜೀವವಿರುವ ಪ್ರಾಣಿಯ ವರ್ತನೆಗೆ ಯಾರೂ ಖಾತ್ರಿ ಬರೆದುಕೊಡಲಾರರು. ಮುಚ್ಚಿದ ಬಾಗಿಲಿನ ಹಿಂದೆ ನಡೆಯುವ ತರಬೇತಿಯ ಬಗ್ಗೆಯೂ ಅದೇ ಎಚ್ಚರ ಬೇಕು.

ಎಲ್ಲಕ್ಕಿಂತ ಕೊನೆಯ ಸಾಕ್ಷಿ ಹೇಳಬೇಕಾದದ್ದು ನಾಯಿಯೇ. ಎರಡನೆಯ ದಿನ ತರಗತಿಯ ಗೇಟಿನ ಬಳಿ ಅದು ಬಾಲ ಆಡಿಸುತ್ತ ಒಳಗೆ ನುಗ್ಗುತ್ತದೆಯೋ, ಕಾಲೂರಿ ಹಿಂದಕ್ಕೆ ಎಳೆಯುತ್ತದೆಯೋ ಎಂಬುದನ್ನು ಮಾಲೀಕರು ಗಮನಿಸಿದರೆ ಅರ್ಧ ಉತ್ತರ ಸಿಕ್ಕಂತೆ. ಅರ್ಜೆಂಟೀನಾದ ಬಯಲಿನಲ್ಲಿ ಕೈ ಹಿಂದಕ್ಕೆ ಕಟ್ಟಿ, ಕುದುರೆ ತಾನಾಗಿ ಬರಲೆಂದು ಕಾದು ನಿಂತಿದ್ದ ಬಾರ್ಬರಾ ಬ್ಲ್ಯಾಕ್‌ಬರ್ನ್ ಎಂಬ ಯುವತಿಗೆ ಈ ಸತ್ಯ ಗೊತ್ತಿತ್ತು.